ತೂಕದ ಮಾತು ಎತ್ತುವ ಮೊದಲು

ಕೇಳುಗರಿಗೆ ನಮಸ್ಕಾರ. ಕೆಲಸ ಮಾಡುತ್ತಲೇ ರೇಡಿಯೋ ಹಾಕಿಕೊಂಡಿದ್ದರೆ ಕೆಲಸ ನಿಲ್ಲಿಸಬೇಡಿ, ಕಿವಿ ಮಾತ್ರ ಇತ್ತ ಕೊಡಿ. ವೈದ್ಯನಾಗಿ ನಾನು ಹೇಳುವುದು ಒಂದೇ ಮಾತು. ದಪ್ಪಗಿರುವವರನ್ನು ಹೀಯಾಳಿಸಿದರೆ ಅವರ ತೂಕ ಇಳಿಯುವುದಿಲ್ಲ.

"ಸ್ವಲ್ಪ ಬಾಯಿ ಕಟ್ಟಬಾರ್ದಾ?" "ಮುಖ ಲಕ್ಷಣವಾಗಿದೆ, ಮೈ ಒಂದು ಇಳಿದಿದ್ರೆ..." ಹೀಗೆಲ್ಲ ಹೇಳಿ, ಒಳ್ಳೆಯದಕ್ಕೇ ಹೇಳಿದೆ ಅನ್ನುತ್ತೀರಿ. ಅವರ ಮನೆಯಲ್ಲಿ ಕನ್ನಡಿ ಇಲ್ವಾ?

ಹಸಿವು ಬರೀ ಹಟಕ್ಕೆ ಬಗ್ಗುವಂಥದ್ದಲ್ಲ. 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನ್ ಪತ್ತೆಯಾಯಿತು. ನಮ್ಮ ಕೊಬ್ಬಿನ ಕೋಶಗಳೇ ಅದನ್ನು ತಯಾರಿಸಿ, ಕೊಬ್ಬಿನ ದಾಸ್ತಾನು ಎಷ್ಟಿದೆ ಅಂತ ಮೆದುಳಿಗೆ ಸುದ್ದಿ ಮುಟ್ಟಿಸುತ್ತವೆ. ಊಟ ಬಿಟ್ಟು ತೂಕ ಇಳಿಸಿದಿರೋ, ಲೆಪ್ಟಿನ್ ಕೂಡ ಇಳಿಯುತ್ತದೆ. ಮೆದುಳು ಗಾಬರಿಯಾಗಿ ಹಸಿವು ಹೆಚ್ಚಿಸುತ್ತದೆ, ಮೈಯ ಶಕ್ತಿಯ ಖರ್ಚಿಗೆ ಕಡಿವಾಣ ಹಾಕುತ್ತದೆ. ಇದರ ಜೊತೆ ಹುಟ್ಟಿನಿಂದ ಬಂದ ಜೀನ್, ಥೈರಾಯ್ಡ್, ಸ್ಟೀರಾಯ್ಡ್ ಮಾತ್ರೆ, ನಿದ್ದೆಗೆಡಿಸುವ ರಾತ್ರಿ ಪಾಳಿ, ಇವೂ ತೂಕ ಏರಿಸಬಹುದು. ನೀವು ಮಾತ್ರ "ಸೋಮಾರಿ" ಅಂದು ಮುಗಿಸುತ್ತೀರಿ!

ಒಬ್ಬ ಮಹಿಳೆಯ ವಿಷಯ ಹೇಳುತ್ತೇನೆ. ಮೆಟ್ಟಿಲು ಹತ್ತಿದರೆ ಏದುಸಿರು ಅಂತ ಬಂದರು. ಕೈಯಲ್ಲಿ ದಪ್ಪ ಫೈಲು. ಹೋದಲ್ಲೆಲ್ಲ ಒಂದೇ ಉತ್ತರ, ತೂಕ ಇಳಿಸಿ. ಜೊತೆಗೆ ಬಿಪಿ ಮಾತ್ರೆ. ಅದನ್ನು ನುಂಗಿ ಎದ್ದು ನಿಂತರೆ ತಲೆಸುತ್ತು. ನಮ್ಮ ನರ್ಸ್ ಬಿಪಿ ನೋಡಲು ಹೋದರೆ ಪಟ್ಟಿ ತೋಳಿಗೆ ಸುತ್ತಿಕೊಳ್ಳುತ್ತಲೇ ಇಲ್ಲ, ಪಟ್ ಅಂತ ಬಿಚ್ಚಿಕೊಳ್ಳುತ್ತಿದೆ. ಆ ಮಹಿಳೆ ನಾಚಿಕೆಯಿಂದ "ಸಾರಿ" ಅಂದರು. ನೋಡಿ, ಪಟ್ಟಿ ಸಣ್ಣದು, ಕ್ಷಮೆ ಕೇಳುವವರು ಇವರು! ದೊಡ್ಡ ಪಟ್ಟಿ ತರಿಸಿದೆ. ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಇದನ್ನು ಪಾಠದಲ್ಲಿ ಎಲ್ಲ ವೈದ್ಯರೂ ಓದಿರುತ್ತಾರೆ. ದೊಡ್ಡ ಪಟ್ಟಿ ಕಟ್ಟಿದ ಮೇಲೆ ಬಿಪಿ ಅಷ್ಟೇನೂ ಇರಲಿಲ್ಲ. ಆಮೇಲೆ ರಕ್ತ ಪರೀಕ್ಷೆ ಮಾಡಿಸಿದೆ. ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ಪಾತಾಳಕ್ಕೆ ಇಳಿದಿತ್ತು, ಏದುಸಿರು ಅದರಿಂದಲೇ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗುತ್ತಿತ್ತಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂದೆ. "ಹೇಳೋಕೆ ಬಾಯಿ ತೆಗೆದ್ರೆ ತೂಕದ ಮಾತು ಬರ್ತಿತ್ತು ಡಾಕ್ಟ್ರೇ. ಆಮೇಲೆ ಹೋಗೋದೇ ಬಿಟ್ಟೆ." ರಕ್ತಸ್ರಾವಕ್ಕೆ ಚಿಕಿತ್ಸೆ ಆಯಿತು, ಕಬ್ಬಿಣದ ಮಾತ್ರೆ ಕೊಟ್ಟೆವು, ಬಿಪಿ ಮಾತ್ರೆ ನಿಲ್ಲಿಸಿದೆವು. ಏದುಸಿರು ಹೋಯಿತು. ತೂಕ ಇದ್ದಷ್ಟೇ ಇತ್ತು.

ಹೀಯಾಳಿಸಿದರೆ ತೂಕ ಇಳಿಯುವುದಿಲ್ಲ. ಜನ ಡಾಕ್ಟರ ಬಳಿ ಹೋಗುವುದನ್ನು ಬಿಡುತ್ತಾರೆ, ಕದ್ದು ತಿನ್ನುತ್ತಾರೆ, ಅಷ್ಟೇ. ನಡೆಯಲು ಹೊರಟರೆ ನೋಡಿ ನಗುತ್ತೀರಿ, ಹೊರಡದಿದ್ದರೆ ಸೋಮಾರಿ ಅನ್ನುತ್ತೀರಿ. ಅವರು ಏನು ಮಾಡಬೇಕು ಹೇಳಿ?

ಸಮಯ ಆಗುತ್ತಾ ಬಂತು, ಉಳಿದದ್ದನ್ನು ಬೇಗ ಹೇಳುತ್ತೇನೆ. ಎಲ್ಲರೂ ಬಿಎಂಐ ಬಿಎಂಐ ಅನ್ನುತ್ತಾರಲ್ಲ, ಎತ್ತರಕ್ಕೆ ತೂಕ ಎಷ್ಟು ಅಂತ ನೋಡುವ ಆ ಲೆಕ್ಕ ಹಾಕಿದವರು ವೈದ್ಯರೇ ಅಲ್ಲ. 1830ರ ದಶಕದಲ್ಲಿ ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕೆಟ್ಲೆ ಜನಸಮೂಹದ ಸರಾಸರಿ ನೋಡಲು ಹಾಕಿದ್ದು. ಒಬ್ಬರನ್ನು ನಿಲ್ಲಿಸಿ ತೀರ್ಪು ಕೊಡಲು ಅಲ್ಲ.

ಕೆಲಸಕ್ಕೆ ಸಂದರ್ಶನ ಮಾಡುವವರೇ, ಬಂದವರ ಕೆಲಸ ನೋಡಿ, ಸೊಂಟ ನೋಡಬೇಡಿ. ಅಮೆರಿಕದ ಮಿಷಿಗನ್ ರಾಜ್ಯ 1976ರಲ್ಲೇ ತೂಕದ ಹೆಸರಿನ ತಾರತಮ್ಯಕ್ಕೆ ಕಾನೂನಿನ ತಡೆ ಹಾಕಿತು. ನ್ಯೂಯಾರ್ಕ್ ನಗರಕ್ಕೆ ಇದು ಹೊಳೆದದ್ದು 2023ರಲ್ಲಿ! ಆಸ್ಪತ್ರೆ, ಕಚೇರಿ ನಡೆಸುವವರು ಕಾನೂನಿಗೆ ಕಾಯಬೇಕಾಗಿಲ್ಲ. ಪಕ್ಕದಲ್ಲಿ ಕೈ ಇಲ್ಲದ ಅಗಲದ ಕುರ್ಚಿ ನಾಲ್ಕು ಹಾಕಿಸಿ, ಈ ವಾರವೇ ಆಗುವ ಕೆಲಸ. ನಮಸ್ಕಾರ.