ಸಾರಿನ ಅರಿಶಿನ, ಡಬ್ಬಿಯ ಅರಿಶಿನ

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಸೋದರತ್ತೆ ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿದ್ದಾರೆ. ಮೂವತ್ತು ವರ್ಷಕ್ಕೂ ಮೇಲೆ ನಾಟಿ ಹಾಕಿದವರು. ಎರಡು ವರ್ಷದ ಹಿಂದೆ ಅವರ ಬಲ ಮಂಡಿ ಊದಿಕೊಂಡಿತು. ಮೊದಲು ಲಕ್ಕಿ ಸೊಪ್ಪು ಬಿಸಿ ಮಾಡಿ ಕಟ್ಟಿದರು. ಕಡಿಮೆ ಆಗಲಿಲ್ಲ. ಅಂಗಡಿಯಿಂದ ನೋವಿನ ಮಾತ್ರೆ ತರಿಸಿದರು. ದಿನಕ್ಕೆ ಎರಡು, ಕೆಲವೊಮ್ಮೆ ಮೂರು. ತಿಂಗಳು ಕಳೆಯುವಷ್ಟರಲ್ಲಿ ಹೊಟ್ಟೆ ಉರಿ ಶುರುವಾಯಿತು. ಆಗ ಪರಿಚಯದವರೊಬ್ಬರು ಒಂದು ಡಬ್ಬಿ ತಂದುಕೊಟ್ಟರು. ಅರಿಶಿನದ ಕ್ಯಾಪ್ಸೂಲ್. "ಗಿಡದ್ದು ಕಣಮ್ಮ, ಎಷ್ಟು ತಗೊಂಡರೂ ಏನೂ ಆಗಲ್ಲ" ಅಂದರಂತೆ.

ಅತ್ತೆ ನನಗೆ ಫೋನ್ ಮಾಡಿದರು. ನಾನು ಮೈಸೂರಿನಲ್ಲಿ ಜೀವರಸಾಯನ ಪಾಠ ಮಾಡಿದವಳು. "ನಾವು ದಿನಾ ಸಾರಿಗೆ ಹಾಕೋ ಅರಿಶಿನವೇ ತಾನೆ ಇದು, ಹೇಳು ಮಗಾ" ಎಂದು ಕೇಳಿದರು. ಆವತ್ತು ನಾನು ಅವರಿಗೆ ಹೇಳಿದ್ದನ್ನೇ, ಇನ್ನೂ ಸ್ವಲ್ಪ ಬಿಡಿಸಿ, ಇವತ್ತು ನಿಮಗೂ ಹೇಳುತ್ತೇನೆ.

ಮೊದಲು ಊತದ ವಿಷಯ. ನಾವು ಬಾವು ಅನ್ನುತ್ತೇವೆ. ವೈದ್ಯರ ಪುಸ್ತಕದಲ್ಲಿ ಉರಿಯೂತ ಅಂತಿರುತ್ತದೆ. ಉರಿ ಮತ್ತು ಊತ, ಎರಡೂ ಸೇರಿದ ಒಳ್ಳೆಯ ಪದ. ಕಾಲಿಗೆ ಮುಳ್ಳು ಚುಚ್ಚಿದರೆ ಆ ಜಾಗ ಕೆಂಪಾಗುತ್ತದೆ, ಬಿಸಿಯಾಗುತ್ತದೆ, ಊದುತ್ತದೆ, ನೋಯುತ್ತದೆ. ಅದು ಕಾಯಿಲೆಯಲ್ಲ. ದೇಹ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿರುವ ರೀತಿ. ಹೆಚ್ಚು ರಕ್ತ ಅಲ್ಲಿಗೆ ಹರಿಯುತ್ತದೆ, ಬಿಳಿ ರಕ್ತಕಣಗಳು ಬಂದು ಸೇರುತ್ತವೆ. ಕೆಲಸ ಮುಗಿದ ಮೇಲೆ ಎಲ್ಲವೂ ಇಳಿಯಬೇಕು. ಇಳಿಯದೆ ತಿಂಗಳುಗಟ್ಟಲೆ ಹಾಗೇ ಉಳಿದರೆ ಮಾತ್ರ ತೊಂದರೆ. ಅತ್ತೆಯ ಮಂಡಿಯಲ್ಲಿ ಆಗಿದ್ದು ಅದೇ.

ಈ ಉರಿಯನ್ನು ಹಬ್ಬಿಸುವ ವಸ್ತುಗಳಲ್ಲಿ ಒಂದರ ಹೆಸರು ಪ್ರೋಸ್ಟಗ್ಲ್ಯಾಂಡಿನ್. ನೋವಿನ ಮಾತ್ರೆ ಕೆಲಸ ಮಾಡುವುದು ಇಲ್ಲಿಯೇ. ವಿಲೋ ಎಂಬ ಮರದ ತೊಗಟೆಯನ್ನು ಯುರೋಪಿನ ಜನ ಜ್ವರಕ್ಕೆ, ನೋವಿಗೆ ಬಳಸುತ್ತಿದ್ದರು. 1828ರಲ್ಲಿ ಅದರಿಂದ ಸ್ಯಾಲಿಸಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಅದರ ಜಾಡು ಹಿಡಿದು 1897ರಲ್ಲಿ ಆಸ್ಪಿರಿನ್ ತಯಾರಾಯಿತು. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಾಗಿದ್ದು 1971ರಲ್ಲಿ. ಪ್ರೋಸ್ಟಗ್ಲ್ಯಾಂಡಿನ್ ತಯಾರಾಗುವುದನ್ನೇ ಆಸ್ಪಿರಿನ್ ತಡೆಯುತ್ತದೆ ಎಂದು ಬ್ರಿಟಿಷ್ ವಿಜ್ಞಾನಿ ಜಾನ್ ವೇನ್ ತೋರಿಸಿಕೊಟ್ಟರು. 1982ರಲ್ಲಿ ಅವರಿಗೆ ನೊಬೆಲ್ ಬಂತು.

ಆದರೆ ಇದೇ ಪ್ರೋಸ್ಟಗ್ಲ್ಯಾಂಡಿನ್ ನಮ್ಮ ಜಠರದ ಒಳಪದರವನ್ನು ಆಮ್ಲದಿಂದ ಕಾಯುತ್ತದೆ. ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯಲು ಬೇಕಾದದ್ದೂ ಅದೇ. ಮಂಡಿಯಲ್ಲಿ ಅದನ್ನು ತಡೆದರೆ ಹೊಟ್ಟೆಯಲ್ಲೂ ತಡೆದ ಹಾಗೆ. ಅತ್ತೆಗೆ ಹೊಟ್ಟೆ ಉರಿ ಬಂದದ್ದು ಹೀಗೆ. ಕಬ್ಬು ಕಡಿದು ಬಂದ ರಾತ್ರಿ, ನಾಟಿ ಮುಗಿದ ಸಂಜೆ ಮೈಕೈ ನೋವಿಗೆ ಅಂತ ಯಾರನ್ನೂ ಕೇಳದೆ ಮಾತ್ರೆ ನುಂಗುವವರನ್ನು ನಾನು ತುಂಬ ನೋಡಿದ್ದೇನೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರೂ ನುಂಗುತ್ತಾರೆ. ಅವರ ಮೂತ್ರಪಿಂಡದ ಗತಿ ನೆನೆದರೆ ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಈಗ ಅರಿಶಿನಕ್ಕೆ ಬರೋಣ. ಅದರ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಉರಿಯೂತವನ್ನು ಒಂದಲ್ಲ, ಹಲವು ಕಡೆ ತಗ್ಗಿಸುತ್ತದೆ. ಇದು ಪ್ರಯೋಗಾಲಯದಲ್ಲಿ ಚೆನ್ನಾಗಿ ಗೊತ್ತಾಗಿರುವ ವಿಷಯ. ತೊಡಕು ಬೇರೆ ಕಡೆ ಇದೆ. ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಕರುಳು ಅದನ್ನು ಸ್ವಲ್ಪವೇ ಹೀರಿಕೊಳ್ಳುತ್ತದೆ. ಹೀರಿಕೊಂಡಷ್ಟನ್ನೂ ಕರುಳು ಮತ್ತು ಯಕೃತ್ತು ಬೇಗ ಮಾರ್ಪಡಿಸಿ ಹೊರಗೆ ಹಾಕುತ್ತವೆ.

1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು ಒಂದು ಪ್ರಯೋಗ ಮಾಡಿದರು. ಆರೋಗ್ಯವಂತರಿಗೆ 2 ಗ್ರಾಂ ಕರ್ಕ್ಯುಮಿನ್ ಕೊಟ್ಟರು. ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಆಮೇಲೆ ಅದರ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರು. ಪೈಪರಿನ್ ಅಂದರೆ ಕಾಳುಮೆಣಸಿಗೆ ಖಾರ ಕೊಡುವ ವಸ್ತು. ಈ ಸಲ ರಕ್ತಕ್ಕೆ ಸೇರಿದ ಕರ್ಕ್ಯುಮಿನ್ ಇಪ್ಪತ್ತು ಪಟ್ಟು ಜಾಸ್ತಿಯಾಯಿತು. ಆ 20 ಮಿಲಿಗ್ರಾಂ ಪೈಪರಿನ್ ಹೆಚ್ಚುಕಡಿಮೆ ಏಳೆಂಟು ಮೆಣಸಿನ ಕಾಳಿನಲ್ಲೇ ಇರುತ್ತದೆ.

ನಮ್ಮ ಮೆಣಸಿನ ಸಾರು ನೆನಪಾಗುತ್ತದೆ ಅಲ್ವಾ? ಎಣ್ಣೆ ಅಥವಾ ತುಪ್ಪ, ಬಿಸಿ, ಅರಿಶಿನ, ಕುಟ್ಟಿದ ಮೆಣಸು. ಎಣ್ಣೆಯಲ್ಲಿ ಕರಗುವ ವಸ್ತುವಿಗೆ ಎಣ್ಣೆ ಸಿಕ್ಕಿತು, ಅದನ್ನು ಒಳಗೆ ಉಳಿಸಿಕೊಳ್ಳಲು ಮೆಣಸು ಸಿಕ್ಕಿತು. ಮೈಸೂರಿನ ಚೆಲುವಾಂಬ ಮಹಲಿನಲ್ಲಿ 1950ರಿಂದ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಒಂಟಿಕೊಪ್ಪಲಿನ ಕಡೆಗೆ ಹೋಗುವಾಗ ನೀವೆಲ್ಲ ನೋಡಿಯೇ ಇರುತ್ತೀರಿ. ಅಲ್ಲಿನ ವಿಜ್ಞಾನಿಗಳು ಅರಿಶಿನ, ಮೆಣಸು, ಮೆಣಸಿನಕಾಯಿ, ಮೆಂತ್ಯ, ಬೆಳ್ಳುಳ್ಳಿಗಳ ಗುಣಗಳನ್ನು ಎಷ್ಟೋ ವರ್ಷ ಅಭ್ಯಾಸ ಮಾಡಿದ್ದಾರೆ. ನಮ್ಮ ಅಡುಗೆಮನೆಯ ಡಬ್ಬಿಗಳಿಗೆ ನಮ್ಮೂರಿನಲ್ಲೇ ಇಷ್ಟು ಗೌರವ ಸಿಕ್ಕಿದೆ ಅನ್ನುವುದು ನನಗೆ ಬಹಳ ಸಂತೋಷದ ವಿಷಯ.

ಹಾಗಂತ ಸಾರು ಕುಡಿದರೆ ಮಂಡಿ ವಾಸಿಯಾಗುತ್ತದೆ ಅಂತ ನಾನು ಹೇಳಲಾರೆ. ಲೆಕ್ಕ ಹಾಕಿ ನೋಡಿ. ಥಾಯ್ಲೆಂಡಿನಲ್ಲಿ ಮಂಡಿ ಸವೆದ 367 ಜನರ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಕೆಲವರಿಗೆ ಐಬುಪ್ರೊಫೆನ್ ಎಂಬ ನೋವಿನ ಮಾತ್ರೆ, ಉಳಿದವರಿಗೆ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಗಟ್ಟಿ ಸಾರ. ನಾಲ್ಕು ವಾರದಲ್ಲಿ ಎರಡೂ ಗುಂಪಿಗೆ ನೋವು ಸರಿಸುಮಾರು ಒಂದೇ ಥರ ಇಳಿಯಿತು. ಅರಿಶಿನದವರಿಗೆ ಹೊಟ್ಟೆನೋವು ಕಡಿಮೆ ಇತ್ತು. ಇದು ಭರವಸೆಯ ಸುದ್ದಿಯೇ. ಆದರೆ ನಮ್ಮ ಅರಿಶಿನ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ನೂರಕ್ಕೆ ಮೂರರಷ್ಟು. ಆ ಪ್ರಮಾಣ ಬೇಕಾದರೆ ದಿನಕ್ಕೆ ಹತ್ತು ಚಮಚಕ್ಕೂ ಜಾಸ್ತಿ ಅರಿಶಿನ ತಿನ್ನಬೇಕು. ಯಾರೂ ತಿನ್ನುವುದಿಲ್ಲ, ತಿನ್ನಲೂ ಬಾರದು.

ಅಂದರೆ ಡಬ್ಬಿಯಲ್ಲಿರುವುದು ಔಷಧಿ. ಔಷಧಿ ಅಂದ ಮೇಲೆ ಅದಕ್ಕೆ ಅಳತೆ ಉಂಟು, ಅಪಾಯವೂ ಉಂಟು. ಗಟ್ಟಿ ಅರಿಶಿನದ ಕ್ಯಾಪ್ಸೂಲಿನಿಂದ ಯಕೃತ್ತಿಗೆ ಪೆಟ್ಟಾದ ವರದಿಗಳು ಇಟಲಿಯಿಂದ, ಅಮೆರಿಕದಿಂದ ಬಂದಿವೆ. ಅದರಲ್ಲಿ ಪೈಪರಿನ್ ಸೇರಿಸಿದ್ದ ಕ್ಯಾಪ್ಸೂಲುಗಳೂ ಇದ್ದವು. ಇನ್ನೊಂದು ವಿಷಯ, ಮೆಣಸು ಅರಿಶಿನವನ್ನಷ್ಟೇ ಒಳಗೆ ಉಳಿಸುವುದಿಲ್ಲ. ನೀವು ತಗೊಳ್ಳುವ ಬೇರೆ ಕೆಲವು ಔಷಧಿಯನ್ನೂ ರಕ್ತದಲ್ಲಿ ಹೆಚ್ಚು ಹೊತ್ತು ಉಳಿಸಬಲ್ಲದು. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು, ಪಿತ್ತಕೋಶದಲ್ಲಿ ಕಲ್ಲಿರುವವರು ಡಾಕ್ಟರನ್ನು ಕೇಳದೆ ಆ ಡಬ್ಬಿ ಮುಟ್ಟಬೇಡಿ. ಅಮೃತಬಳ್ಳಿಯದೂ ಇದೇ ಕಥೆ. ಕೊರೊನಾ ಕಾಲದಲ್ಲಿ ಜನ ಅದನ್ನು ದಿನಾ ಕುದಿಸಿ ಕುಡಿದರು. 2021ರಲ್ಲಿ ಮುಂಬೈನ ವೈದ್ಯರು ಯಕೃತ್ತಿಗೆ ಹಾನಿಯಾದ ಆರು ಜನರ ವಿಷಯ ವರದಿ ಮಾಡಿದರು.

ಗಿಡದ್ದು ಅಂದರೆ ಏನೂ ಆಗಲ್ಲ ಅನ್ನುವವರಿಗೆ ನಾನು ಗೌರಿ ಹೂವನ್ನು ತೋರಿಸುತ್ತೇನೆ. ಅಗ್ನಿಶಿಖೆ ಅಂತಲೂ ಹೆಸರು. ಮಳೆಗಾಲದಲ್ಲಿ ಬೇಲಿಗೆ ಹಬ್ಬಿ ಕೆಂಪು ಹಳದಿ ಹೂ ಬಿಡುತ್ತದೆ. ಅದರ ಗೆಡ್ಡೆಯಲ್ಲಿ, ಬೀಜದಲ್ಲಿ ಇರುವ ಕೊಲ್ಚಿಸಿನ್ ಗೌಟ್ ಎಂಬ ಕೀಲುಬಾವಿಗೆ ಒಳ್ಳೆಯ ಮದ್ದು. ವೈದ್ಯರು ಕೊಡುವ ಮಾತ್ರೆಯಲ್ಲಿ ಅದು ಅರ್ಧ ಮಿಲಿಗ್ರಾಂ ಇರುತ್ತದೆ. ಅದೇ ಗೆಡ್ಡೆ ತಿಂದು ಜೀವ ಕಳೆದುಕೊಂಡವರಿದ್ದಾರೆ. ಮಕ್ಕಳಿರುವ ಮನೆಯವರು ಈ ಬಳ್ಳಿಯನ್ನು ಗುರುತಿಸಲು ಕಲಿಯಿರಿ.

ಶುಂಠಿಯ ಮಾತು ಒಂದೆರಡು. ಹಸಿ ಶುಂಠಿಯ ಜಿಂಜರಾಲ್ ಒಣಗುವಾಗ ಒಂದು ಪಾಲು ಶೋಗಾಲ್ ಆಗಿ ಬದಲಾಗುತ್ತದೆ. ಒಣ ಶುಂಠಿ ಗಂಟಲಿಗೆ ಹೆಚ್ಚು ಖಾರ ಅನ್ನಿಸುವುದು ಅದಕ್ಕೇ. ಎರಡಕ್ಕೂ ಉರಿಯೂತ ತಗ್ಗಿಸುವ ಗುಣವಿದೆ, ಮಂಡಿ ನೋವಿನಲ್ಲಿ ಸಿಗುವ ಲಾಭ ಮಾತ್ರ ಸಣ್ಣದು. ಲಕ್ಕಿ ಸೊಪ್ಪಿನ ಸಾರವೂ ಇಲಿಗಳ ಮೇಲಿನ ಪ್ರಯೋಗದಲ್ಲಿ ಊತ ಇಳಿಸಿದೆ. ಬಿಸಿ ಸೊಪ್ಪಿನ ಕಾವು ಬಿಗಿದ ಸ್ನಾಯುವಿಗೆ ಹಿತ. ಚರ್ಮ ಸುಡದ ಹಾಗೆ ಕಟ್ಟಿಕೊಳ್ಳಿ, ಅಷ್ಟೇ.

ಕೆಲವು ಊತಕ್ಕೆ ಸೊಪ್ಪು ಕಟ್ಟಿಕೊಂಡು ಕೂರಬಾರದು. ಒಂದೇ ಕೀಲು ಏಕಾಏಕಿ ಕೆಂಪಾಗಿ ಸುಡುತ್ತಿದ್ದರೆ, ಜೊತೆಗೆ ಜ್ವರ ಬಂದರೆ, ಅವತ್ತೇ ಆಸ್ಪತ್ರೆಗೆ ಹೋಗಿ. ಬೆಳಗ್ಗೆ ಎದ್ದಾಗ ಬೆರಳುಗಳು ಗಂಟೆಗಟ್ಟಲೆ ಬಿಗಿದುಕೊಂಡಿದ್ದರೆ ಅದು ಸಂಧಿವಾತ ಇರಬಹುದು. ಅದಕ್ಕೆ ಒಳ್ಳೆಯ ಔಷಧಿಗಳಿವೆ, ತಡ ಮಾಡಿದಷ್ಟೂ ಕೀಲು ಹಾಳಾಗುತ್ತದೆ. ಹೆಸರು, ವಿವರ ಇಲ್ಲದ ಪುಡಿಯನ್ನಂತೂ ತಗೊಳ್ಳಲೇಬೇಡಿ. ಒಂದೇ ದಿನದಲ್ಲಿ ನೋವು ಮಾಯವಾಗಿಸುವ ಇಂಥ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆಸಿರುವುದು ಎಷ್ಟೋ ಸಲ ಪತ್ತೆಯಾಗಿದೆ.

ಅತ್ತೆಯನ್ನು ನಾನು ಮಂಡ್ಯಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಮಂಡಿ ಸವೆದಿದೆ ಅಂದರು. ತೊಡೆಯ ಸ್ನಾಯು ಗಟ್ಟಿಯಾಗಲು ಕೂತಲ್ಲೇ ಕಾಲು ನೀಟಾಗಿ ಎತ್ತಿ ಇಳಿಸುವ ವ್ಯಾಯಾಮ ಹೇಳಿಕೊಟ್ಟರು. ಮಾತ್ರೆ ಬೇಕಾದಾಗ ಮಾತ್ರ, ಅದೂ ಊಟ ಆದ ಮೇಲೆ. ಡಬ್ಬಿಯನ್ನು ವಾಪಸ್ ಕೊಟ್ಟೆವು. ಹೋದ ತಿಂಗಳು ಊರಿಗೆ ಹೋದಾಗ ಅತ್ತೆ ಜಗಲಿ ಮೇಲೆ ಕೂತು, ಎಣಿಸುತ್ತಾ ಕಾಲು ಎತ್ತುತ್ತಿದ್ದರು. ಒಳಗೆ ಒಲೆ ಮೇಲೆ ಮೆಣಸಿನ ಸಾರು ಕುದಿಯುತ್ತಿತ್ತು.

ನಮಸ್ಕಾರ.