ಪೆರ್ರಿ ಮೇಸನ್ ಸೋತ ಗುರುವಾರ

ಅಮೆರಿಕದ ಹಳೇ ಟೀವಿ ಸೀರೀಸ್ 'ಪೆರ್ರಿ ಮೇಸನ್'ನಲ್ಲಿ, ಅದರ ನಾಯಕ, ವಕೀಲ ಪೆರ್ರಿ ಮೇಸನ್ ಕೇಸ್ ಸೋತ ಎಪಿಸೋಡ್ ಒಂದಿದೆ. ಹಾಗಂತ ಹೇಳಿದರೆ ಹಳೇ ಅಭಿಮಾನಿಗಳು ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡುತ್ತಾರೆ. ಒಂಬತ್ತು ಸೀಸನ್, 271 ಎಪಿಸೋಡ್. ಪ್ರತಿ ವಾರ ಒಬ್ಬ ನಿರಪರಾಧಿ ಕೋರ್ಟಿನಲ್ಲಿ, ಪ್ರತಿ ವಾರ ಕೊನೆಯ ಕೆಲವೇ ನಿಮಿಷಗಳಲ್ಲಿ ಮೇಸನ್ ಪ್ರಶ್ನೆ ಮೇಲೆ ಪ್ರಶ್ನೆ ಹಾಕುತ್ತಾ ಹೋಗಿ, ಸಾಕ್ಷಿ ಹೇಳಲು ಬಂದವರೋ ಸುಮ್ನೆ ಹಿಂದೆ ಕೂತಿದ್ದವರೋ ಯಾರೋ ಒಬ್ಬರು ತಡೆಯಲಾಗದೆ "ಹೌದು, ನಾನೇ ಕೊಂದಿದ್ದು" ಎಂದು ಒಪ್ಪಿಕೊಳ್ಳುವುದು. ಅಂಥ ಸೀರೀಸ್‌ನಲ್ಲಿ ಸೋಲು ಎಲ್ಲಿಂದ ಬರಬೇಕು?

ಬಂದಿದೆ. 1963ರ ಅಕ್ಟೋಬರ್ 3, ಗುರುವಾರ. ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ ಏಳನೇ ಸೀಸನ್ ಶುರುವಾಗಿದ್ದೇ ಈ ಎಪಿಸೋಡ್‌ನಿಂದ. ಹೆಸರು 'ದ ಕೇಸ್ ಆಫ್ ದ ಡೆಡ್ಲಿ ವರ್ಡಿಕ್ಟ್'. ಹೆಸರಿನಲ್ಲೇ ಅರ್ಧ ಗುಟ್ಟು ಬಿಟ್ಟುಕೊಟ್ಟಿದ್ದಾರೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಪಿಸೋಡ್‌ನ ಕ್ಲಿಪ್ ಹಾಕಿದರೆ ಕಾಪಿರೈಟ್ ಸ್ಟ್ರೈಕ್ ಬರುತ್ತದೆ. ಹಾಗಾಗಿ ಸ್ಕ್ರೀನ್ ಮೇಲೆ ನಿಮಗೆ ಕಾಣುವುದು ನಮ್ಮನೆ ಹಾಲ್, ಟೀವಿಯ ಬೆನ್ನು, ಮತ್ತೆ ಮೊರದ ತುಂಬಾ ಅವರೆಕಾಯಿ ಹಾಕಿಕೊಂಡು ಬಿಡಿಸುತ್ತಾ ಕೂತಿರುವ ನಮ್ಮಮ್ಮ. ಕಥೆ ನನ್ನ ಬಾಯಲ್ಲೇ ಕೇಳಬೇಕು.

ಮಾಮೂಲಿ ಎಪಿಸೋಡ್ ಹೇಗಿರುತ್ತದೆ ಅಂದರೆ, ಮೊದಲ ಅರ್ಧದಲ್ಲಿ ಕೋರ್ಟೇ ಇರುವುದಿಲ್ಲ. ಯಾರ ಮೇಲೆ ಯಾರಿಗೆ ದ್ವೇಷ, ಯಾರ ಆಸ್ತಿ ಮೇಲೆ ಯಾರ ಕಣ್ಣು, ಅದೆಲ್ಲ ನಡೆಯುತ್ತದೆ. ನಿಮಗೆ ಯಾರನ್ನು ಕಂಡರೆ ಅತಿ ಹೆಚ್ಚು ಸಿಟ್ಟು ಬರುತ್ತದೋ ಅವನೇ ಸಾಯುತ್ತಾನೆ. ಆಮೇಲೆ ಅರೆಸ್ಟ್, ಆಮೇಲೆ ಕೋರ್ಟು. ಈ ಎಪಿಸೋಡ್ ಅದನ್ನು ತಿರುಗುಮುರುಗು ಮಾಡಿದೆ. ತೆರೆದ ಕೂಡಲೇ ಕೋರ್ಟ್, ಹನ್ನೆರಡು ಜನ ಜ್ಯೂರಿ, ಅಂದರೆ ಕೇಸ್ ಕೇಳಿ ತಪ್ಪಿತಸ್ಥರೋ ಅಲ್ಲವೋ ಅಂತ ಹೇಳಲು ಕೂರಿಸಿದ ಸಾಮಾನ್ಯ ಜನ, ತೀರ್ಪು: ತಪ್ಪಿತಸ್ಥೆ. ಚಿಕ್ಕಮ್ಮನೋ ಅತ್ತೆಯೋ, ಇಂಗ್ಲಿಷಿನವರಿಗೆ ಎಲ್ಲರೂ ಆಂಟಿಯೇ, ಅವಳನ್ನು ಕೊಂದ ಆರೋಪ ಜಾನಿಸ್ ಬಾರ್ಟನ್ ಎಂಬ ಹುಡುಗಿಯ ಮೇಲೆ. ಶಿಕ್ಷೆ ಗ್ಯಾಸ್ ಚೇಂಬರ್, ಅಂದರೆ ವಿಷದ ಗಾಳಿ ಬಿಟ್ಟು ಮರಣದಂಡನೆ ಕೊಡುವ ಕೋಣೆ. ಅವಳ ವಕೀಲ ಪೆರ್ರಿ ಮೇಸನ್.

ಅಮ್ಮ ಕೈಯಲ್ಲಿದ್ದ ಅವರೆಕಾಯಿ ಹಾಗೇ ಹಿಡಿದುಕೊಂಡು ಕೇಳಿದರು, "ಏನೋ ಇದು, ಕೊನೇ ಭಾಗ ಹಾಕಿದ್ದೀಯೇನೋ? ಮೊದಲಿಂದ ಹಾಕೋ."

ಇಲ್ಲಮ್ಮ, ಇದೇ ಮೊದಲು.

ನನ್ನ ಪ್ರಕಾರ ಇಡೀ ಎಪಿಸೋಡ್‌ನ ಜೀವ ಇರುವುದು ಈ ಆರಂಭದಲ್ಲೇ. ಮೇಸನ್ ಪಾತ್ರ ಮಾಡಿದ ರೇಮಂಡ್ ಬರ್ ದೊಡ್ಡ ಆಳು, ಅಗಲ ಭುಜ, ಎಲ್ಲವನ್ನೂ ಕಣ್ಣಲ್ಲೇ ಹೇಳುವ ಮುಖ. ಆರು ಸೀಸನ್ ಆ ಕಣ್ಣು "ನನಗೆ ಗೊತ್ತು, ನೀನು ಸಿಕ್ಕಿಬೀಳುತ್ತೀಯ" ಎನ್ನುತ್ತಿತ್ತು. ಇಲ್ಲಿ ಅದೇ ಕಣ್ಣಿಗೆ ಹೇಳಲು ಏನೂ ಇಲ್ಲ. ತಮಾಷೆ ಅಂದರೆ ಬರ್ ಇದಕ್ಕೆ ಮೊದಲು ಸಿನಿಮಾದಲ್ಲಿ ಜಾಸ್ತಿ ಮಾಡಿದ್ದು ವಿಲನ್ ಪಾತ್ರಗಳನ್ನೇ. 1954ರಲ್ಲಿ ಬಂದ ಹಿಚ್‌ಕಾಕ್ ಅವರ 'ರಿಯರ್ ವಿಂಡೋ'ದಲ್ಲಿ ಎದುರು ಮನೆಯ ಕೊಲೆಗಾರ ಇವರೇ. ಈ ಸೀರೀಸ್‌ಗೂ ಮೊದಲು ಆಡಿಷನ್ ಕೊಟ್ಟಿದ್ದು ಎದುರಾಳಿ ಪ್ರಾಸಿಕ್ಯೂಟರ್ ಹ್ಯಾಮಿಲ್ಟನ್ ಬರ್ಗರ್ ಪಾತ್ರಕ್ಕೆ! ಜಾನಿಸ್ ಆಗಿ ಮಾಡಿದವರು ಜೂಲಿ ಆಡಮ್ಸ್. 'ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್' ಸಿನಿಮಾದಲ್ಲಿ ನೀರಿನ ರಾಕ್ಷಸ ಹೊತ್ತುಕೊಂಡು ಹೋಗುವ ನಾಯಕಿ ಅಂದರೆ ಕೆಲವರಿಗೆ ನೆನಪಾಗಬಹುದು.

ಈಗ ಆ ಹನ್ನೆರಡು ಜನರ ವಿಷಯ. ನೀವು ಈ ಸೀರೀಸ್ ನೋಡಿದ್ದರೆ ಒಂದು ಗಮನಿಸಿರುತ್ತೀರಿ, ಬಹಳಷ್ಟು ಎಪಿಸೋಡ್‌ಗಳಲ್ಲಿ ಜ್ಯೂರಿಯೇ ಇರುವುದಿಲ್ಲ. ಕಾರಣ ಏನೆಂದರೆ ಅಲ್ಲಿ ನಡೆಯುವುದು ಪೂರ್ತಿ ವಿಚಾರಣೆಯಲ್ಲ. ಕ್ಯಾಲಿಫೋರ್ನಿಯಾದಲ್ಲಿ ದೊಡ್ಡ ಅಪರಾಧದ ಕೇಸಾದರೆ ಮೊದಲು ಒಬ್ಬ ಜಡ್ಜ್ ಮುಂದೆ ಪ್ರಾಥಮಿಕ ವಿಚಾರಣೆ ನಡೆಯುತ್ತದೆ. ಈ ಕೇಸನ್ನು ಮುಂದಕ್ಕೆ ಕಳಿಸಲು ಸಾಕಷ್ಟು ಸಾಕ್ಷ್ಯ ಇದೆಯಾ ಇಲ್ಲವಾ, ಅಷ್ಟನ್ನೇ ಅಲ್ಲಿ ನೋಡುವುದು. ಮೇಸನ್ ತನ್ನ ಮ್ಯಾಜಿಕ್ ಎಲ್ಲ ಅಲ್ಲೇ ಮುಗಿಸಿಬಿಡುತ್ತಿದ್ದ. ಮೂಲ ಕಾದಂಬರಿಗಳನ್ನು ಬರೆದ ಅರ್ಲ್ ಸ್ಟ್ಯಾನ್ಲಿ ಗಾರ್ಡ್ನರ್ ಸ್ವತಃ ಕ್ಯಾಲಿಫೋರ್ನಿಯಾದಲ್ಲಿ ವರ್ಷಗಟ್ಟಲೆ ವಕೀಲಿಕೆ ಮಾಡಿದವರು. ಆ ಒಳಗಿನ ದಾರಿ ಅವರಿಗೆ ಚೆನ್ನಾಗಿ ಗೊತ್ತಿತ್ತು. ಟೀವಿಯವರಿಗೂ ಲಾಭ, ಪ್ರತಿ ವಾರ ಹನ್ನೆರಡು ಜನರನ್ನು ಕರೆಸಿ ಕೂರಿಸಿ ದುಡ್ಡು ಕೊಡುವುದು ತಪ್ಪಿತು.

ಹಾಗಾಗಿ ಜ್ಯೂರಿ ಕಂಡರೇ ಇಲ್ಲಿ ಹೊಟ್ಟೆಯಲ್ಲಿ ತಳಮಳ. ಮಾಮೂಲಿ ಎಪಿಸೋಡ್‌ನಲ್ಲಿ ಮೇಸನ್ ಒಬ್ಬ ಜಡ್ಜ್‌ಗೆ ಮನವರಿಕೆ ಮಾಡಿದರೆ ಸಾಕು. ಇಲ್ಲಿ ಹನ್ನೆರಡು ಅಪರಿಚಿತರು. ಅದೂ ಹನ್ನೆರಡಕ್ಕೆ ಹನ್ನೆರಡೂ ಒಂದೇ ಮಾತು ಹೇಳಿದರೆ ಮಾತ್ರ ಆ ತೀರ್ಪು ಬರುವುದು, ಅಂದರೆ ಅವರಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ನಮಗೆ ಇದು ಪುಸ್ತಕದಲ್ಲಿ ಓದಿದ ವಿಷಯ ಅಷ್ಟೇ, ಯಾಕಂದರೆ ಭಾರತದಲ್ಲಿ ಜ್ಯೂರಿ ಪದ್ಧತಿ ಹೋಗಿ ಎಷ್ಟೋ ಕಾಲವಾಯಿತು. 1959ರ ನಾನಾವತಿ ಕೇಸ್ ನೆನಪಿದೆಯಲ್ಲ, ಬಾಂಬೆಯಲ್ಲಿ ಹೆಂಡತಿಯ ಪ್ರಿಯಕರನನ್ನು ಗುಂಡಿಟ್ಟು ಕೊಂದ ನೌಕಾಪಡೆಯ ಅಧಿಕಾರಿ, ಜ್ಯೂರಿಯಲ್ಲಿ ಎಂಟು ಜನ ನಿರಪರಾಧಿ ಅಂದರು, ಒಬ್ಬರು ಇಲ್ಲ ಅಂದರು, ಜಡ್ಜ್ ಅದನ್ನು ಒಪ್ಪದೆ ಹೈಕೋರ್ಟಿಗೆ ಕಳಿಸಿದರು, ಅಲ್ಲಿ ಜೀವಾವಧಿ ಶಿಕ್ಷೆಯಾಯಿತು. ಟಿ.ಎನ್. ಸೀತಾರಾಮ್ ಅವರ ಧಾರಾವಾಹಿಯಲ್ಲಿ ವಕೀಲ ಸಿಎಸ್‌ಪಿ ವಾದ ಮಾಡುವಾಗ ನಾವೆಲ್ಲ ಊಟದ ತಟ್ಟೆ ಹಿಡಿದುಕೊಂಡು ನೋಡುತ್ತಿದ್ದೆವಲ್ಲ, ಅಲ್ಲೂ ಎದುರಿಗೆ ಇದ್ದದ್ದು ಜಡ್ಜ್ ಒಬ್ಬರೇ.

ಸರಿ, ಕಥೆಗೆ ಬರೋಣ. ಮೇಸನ್ ಯಾಕೆ ಸೋತ? ಜಾನಿಸ್ ತನ್ನ ವಕೀಲನಿಗೇ ನಿಜ ಹೇಳಿರಲಿಲ್ಲ. ಏನನ್ನೋ ಮುಚ್ಚಿಟ್ಟಿದ್ದಳು. ಅದು ಏನು, ಯಾರಿಗಾಗಿ, ಕೊನೆಗೆ ಯಾರು ಸಿಕ್ಕಿಬಿದ್ದರು ಅನ್ನೋದನ್ನು ನಾನು ಹೇಳುವುದಿಲ್ಲ, ಅಮ್ಮ ಅರ್ಧ ದಾರಿಯಲ್ಲೇ ಕಂಡುಹಿಡಿದುಬಿಟ್ಟರು ಅಂತ ಮಾತ್ರ ಹೇಳಬಹುದು. ಶಿಕ್ಷೆಯ ಗಳಿಗೆ ಹತ್ತಿರ ಬರುತ್ತಿರುತ್ತದೆ, ಮೇಸನ್ ಮತ್ತೆ ಮೊದಲಿಂದ ಎಳೆ ಬಿಡಿಸುತ್ತಾ ಹೋಗುತ್ತಾನೆ, ಅವಳು ಉಳಿಯುತ್ತಾಳೆ. ಸೋಲು ಎಪಿಸೋಡ್ ಮುಗಿಯುವುದರೊಳಗೆ ಅಳಿಸಿಹೋಗುತ್ತದೆ. ಕೊನೆಯ ಭಾಗ ಮತ್ತೆ ಹಳೇ ಪೆರ್ರಿ ಮೇಸನ್ನೇ.

ನನಗೆ ಇಲ್ಲೇ ಸ್ವಲ್ಪ ತಕರಾರು. ಮೇಸನ್‌ನನ್ನು ಸೋಲಿಸುವ ಧೈರ್ಯ ಮಾಡಿದರು, ಅದಕ್ಕೆ ಚಪ್ಪಾಳೆ. ಆದರೆ ಸೋಲಿನ ತಪ್ಪನ್ನು ಹುಡುಗಿಯ ತಲೆಗೇ ಕಟ್ಟಿದರು. ಅವಳು ಸುಳ್ಳು ಹೇಳಿದಳು, ಅದಕ್ಕೇ ಸೋಲು. ವಕೀಲನ ತಪ್ಪಿಲ್ಲ. ಜ್ಯೂರಿಯ ತಪ್ಪೂ ಇಲ್ಲ, ಮುಂದಿಟ್ಟಿದ್ದನ್ನು ನೋಡಿ ಅವರು ತೀರ್ಮಾನ ಮಾಡಿದರು. ಕೋರ್ಟ್ ಎಂಬ ಯಂತ್ರ ಸರಿಯಾಗೇ ಇದೆ, ನೀನು ನಿಜ ಹೇಳಿದ್ದರೆ ಸಾಕಿತ್ತು ಅನ್ನೋ ಹಾಗೆ. ನೋಡುವವರಿಗೆ ಇದು ಸಮಾಧಾನ. ಕಕ್ಷಿದಾರಳು ನಿಜ ಹೇಳಿದ್ದು, ವಕೀಲ ಚೆನ್ನಾಗಿ ವಾದಿಸಿದ್ದು, ಆದರೂ ಅಪರಾಧಿ ಅಂತ ತೀರ್ಪು ಬಂದಿದ್ದರೆ? ಆ ಕಥೆಗೆ ಇವರು ಕೈ ಹಾಕಲಿಲ್ಲ.

ಅಂಥ ಕಥೆಗಳು ಗಾರ್ಡ್ನರ್‌ಗೆ ಗೊತ್ತಿರಲಿಲ್ಲ ಅಂತ ಹೇಳುವ ಹಾಗೂ ಇಲ್ಲ. 1948ರ ಸುಮಾರಿಗೆ ಅವರು 'ಆರ್ಗಸಿ' ಪತ್ರಿಕೆಯ ಜೊತೆ ಸೇರಿ 'ಕೋರ್ಟ್ ಆಫ್ ಲಾಸ್ಟ್ ರಿಸಾರ್ಟ್' ಅಂತ ಒಂದು ಕೆಲಸ ಶುರು ಮಾಡಿದ್ದರು. ಶಿಕ್ಷೆಯಾಗಿ ಜೈಲು ಸೇರಿದವರಲ್ಲಿ ನಿಜಕ್ಕೂ ತಪ್ಪು ಮಾಡದವರು ಇದ್ದಾರಾ ಅಂತ ವಕೀಲರು, ಅಪರಾಧ ತಜ್ಞರು ಸೇರಿ ಹಳೇ ಕಡತಗಳನ್ನು ತೆಗೆದು ನೋಡುವುದು. ಅದರ ಮೇಲೆ ಬರೆದ ಪುಸ್ತಕಕ್ಕೆ ಎಡ್ಗರ್ ಪ್ರಶಸ್ತಿಯೂ ಬಂತು. ಕಾದಂಬರಿಯಲ್ಲಿ ಎಂದೂ ಸೋಲದ ವಕೀಲನನ್ನು ಬರೆಯುತ್ತಾ, ಇನ್ನೊಂದು ಕಡೆ ಆಗಲೇ ಸೋತುಹೋದವರ ಕಾಗದಗಳನ್ನು ಓದುತ್ತಿದ್ದ ಮನುಷ್ಯ ಅವರು. ನನಗೆ ಮೇಸನ್‌ಗಿಂತ ಈ ಗಾರ್ಡ್ನರ್ ಮೇಲೇ ಕುತೂಹಲ ಜಾಸ್ತಿ.

ಗ್ಯಾಸ್ ಚೇಂಬರ್ ಕೂಡ ಆಗಿನ ಪ್ರೇಕ್ಷಕರಿಗೆ ಬರೀ ಕಥೆಯಾಗಿರಲಿಲ್ಲ. ಇದಕ್ಕೆ ಮೂರು ವರ್ಷ ಮೊದಲು, 1960ರ ಮೇ 2ರಂದು, ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿ ಕ್ಯಾರಿಲ್ ಚೆಸ್ಮನ್ ಎಂಬಾತನನ್ನು ಅದೇ ಚೇಂಬರ್‌ನಲ್ಲಿ ಕೂರಿಸಿದ್ದರು. ಹನ್ನೆರಡು ವರ್ಷ ಮರಣದಂಡನೆಯ ಸಾಲಿನಲ್ಲಿ ಇದ್ದವನು, ಜೈಲಿನಿಂದಲೇ ಪುಸ್ತಕ ಬರೆದು ಜಗತ್ತಿಗೆಲ್ಲ ಗೊತ್ತಾದವನು. ಕೊನೇ ಗಳಿಗೆಯಲ್ಲಿ ಒಬ್ಬ ಜಡ್ಜ್ ಸ್ವಲ್ಪ ಹೊತ್ತು ತಡೆಯಲು ಒಪ್ಪಿದರು, ಜೈಲಿಗೆ ಫೋನ್ ಮಾಡಲು ಹೊರಟಾಗ ನಂಬರ್ ತಪ್ಪಾಯಿತು, ಮತ್ತೆ ಮಾಡುವಷ್ಟರಲ್ಲಿ ವಿಷದ ಗುಳಿಗೆ ಬಿದ್ದಾಗಿತ್ತು. ಇದನ್ನು ಟೀವಿಯಲ್ಲಿ ತೋರಿಸಿದ್ದರೆ "ಅತಿಯಾಯ್ತು" ಅಂತ ನಾವೇ ಬೈಯುತ್ತಿದ್ದೆವು. ಅಂದಹಾಗೆ ಕ್ಯಾಲಿಫೋರ್ನಿಯಾದಲ್ಲಿ ಮರಣದಂಡನೆ ಆದರೆ ಮೇಲ್ಮನವಿ ತಾನಾಗೇ ರಾಜ್ಯದ ಸುಪ್ರೀಂ ಕೋರ್ಟಿಗೆ ಹೋಗುತ್ತದೆ. ಒಂದು ಗಂಟೆಯ ಕಾರ್ಯಕ್ರಮದಲ್ಲಿ ಅದಕ್ಕೆಲ್ಲ ಜಾಗ ಎಲ್ಲಿ.

ಪಾಪ ಬರ್ಗರ್ ಬಗ್ಗೆ ಒಂದು ಮಾತು. ವಿಲಿಯಂ ಟಾಲ್ಮನ್ ಆ ಪಾತ್ರ ಮಾಡಿದ್ದು. ವರ್ಷಗಟ್ಟಲೆ ಸೋತು ಸೋತು ಸಾಕಾದ ಪ್ರಾಸಿಕ್ಯೂಟರ್‌ಗೆ ಒಂದು ಗೆಲುವು ಸಿಕ್ಕಿತು, ಅದೂ ಉಳಿಯಲಿಲ್ಲ. ಬರ್ ಅವರನ್ನು ಯಾರೋ ಕೇಳಿದರಂತೆ, ನೀವು ಎಲ್ಲ ಕೇಸೂ ಹೇಗೆ ಗೆಲ್ಲುತ್ತೀರಿ ಅಂತ. ನೀವು ನೋಡುವುದು ನಾನು ಶನಿವಾರ ನಡೆಸುವ ಕೇಸುಗಳನ್ನು ಮಾತ್ರ ಅಂದರಂತೆ ಅವರು. ಆಗ ಸೀರೀಸ್ ಶನಿವಾರ ರಾತ್ರಿ ಬರುತ್ತಿತ್ತು. ಆಮೇಲೆ ಗುರುವಾರಕ್ಕೆ ಬದಲಾಯಿತು, ನೋಡಿ, ಸೋಲೂ ಬಂತು.

ನೋಡಬೇಕು ಅಂತಿದ್ದರೆ ನೇರವಾಗಿ ಇದಕ್ಕೆ ಕೈ ಹಾಕಬೇಡಿ. 1957ರ ಮೊದಲ ಸೀಸನ್‌ನಿಂದ ನಾಲ್ಕೈದು ಮಾಮೂಲಿ ಎಪಿಸೋಡ್ ನೋಡಿ, ಗೆಲ್ಲುವ ಮೇಸನ್ ಅಭ್ಯಾಸ ಆಗಲಿ, ಆಮೇಲೆ ಇದನ್ನು ಹಾಕಿಕೊಳ್ಳಿ. ಇಷ್ಟವಾದರೆ 1958ರ 'ಟೆರಿಫೈಡ್ ಟೈಪಿಸ್ಟ್' ಕೂಡ ನೋಡಿ, ಅಲ್ಲೂ ಜ್ಯೂರಿ ಅಪರಾಧಿ ಅನ್ನುತ್ತದೆ, ಆದರೆ ಅದು ಬೇರೆಯೇ ಆಟ. ಮುಂದಿನ ವಿಡಿಯೋದಲ್ಲಿ 1966ರ ಕಟ್ಟಕಡೆಯ ಎಪಿಸೋಡ್ ಬಗ್ಗೆ ಮಾತಾಡುತ್ತೇನೆ. ಅದರಲ್ಲಿ ಜಡ್ಜ್ ಕುರ್ಚಿಯಲ್ಲಿ ಕೂತು ಪಾತ್ರ ಮಾಡಿದವರು ಸ್ವತಃ ಗಾರ್ಡ್ನರ್.