ಸರ್ಕಲ್‌ನಲ್ಲಿ ಮೊದಲು ಯಾರು?

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮೈಸೂರು ಸರ್ಕಲ್‌ಗಳ ಊರು. ಅರಮನೆ ಹತ್ತಿರವೇ ಮೂರು ಇವೆ. ಚಾಮರಾಜ ವೃತ್ತದಲ್ಲಿ ಚಾಮರಾಜೇಂದ್ರ ಒಡೆಯರು, ಕೆ.ಆರ್. ಸರ್ಕಲ್‌ನಲ್ಲಿ ನಾಲ್ವಡಿಯವರು, ಹಾರ್ಡಿಂಜ್ ಸರ್ಕಲ್‌ನಲ್ಲಿ ಜಯಚಾಮರಾಜೇಂದ್ರರು. ಮೂರು ತಲೆಮಾರಿನ ಮಹಾರಾಜರು ನಿಂತು ನೋಡುತ್ತಿರುವಾಗಲೇ ನಾವು ಗಾಡಿ ನುಗ್ಗಿಸುತ್ತೇವೆ!

ಸಿಗ್ನಲ್ ಇಲ್ಲದ ಸರ್ಕಲ್‌ನಲ್ಲಿ ಒಳಗೆ ಆಗಲೇ ಸುತ್ತುತ್ತಿರುವ ಗಾಡಿಗೆ ಮೊದಲ ಹಕ್ಕು. ಹೊರಗಿನಿಂದ ಬರುವವರು ಕಾಯಬೇಕು. 2017ರ ಚಾಲನಾ ನಿಯಮಗಳಲ್ಲೇ ಇದು ಇದೆ. ನಾವು ಎಡಗಡೆ ಓಡಿಸುವವರು, ಹಾಗಾಗಿ ಒಳಗಿನ ಗಾಡಿ ನಮ್ಮ ಬಲಗಡೆಯಿಂದಲೇ ಬರುತ್ತದೆ. ಬಲಕ್ಕೆ ನೋಡಿದರೆ ಸಾಕು, ಅಲ್ವಾ? ಆದರೆ ನಡೆಯುವುದೇ ಬೇರೆ. ದೊಡ್ಡ ಗಾಡಿಗೆ ಮೊದಲ ಹಕ್ಕು, ಆಮೇಲೆ ಹಾರ್ನ್ ಜೋರಾಗಿರುವವರಿಗೆ. ಸ್ಕೂಟರ್‌ನವರ ಸರದಿ ಬರುವುದೇ ಇಲ್ಲ.

ಹಾಗಂತ ಹಕ್ಕು ನಮ್ಮದು ಅಂತ ಸ್ಕೂಟರ್ ತೆಗೆದುಕೊಂಡು ಹೋಗಿ ಕಾರಿನ ಬಂಪರ್ ಮುಂದೆ ಹಿಡಿಯಲು ಆಗುತ್ತದೆಯೇ? ನಾನಂತೂ ಇಂಡಿಕೇಟರ್ ನಂಬುವುದಿಲ್ಲ. ಕಾರಿನ ಮುಂದಿನ ಚಕ್ರ ನೋಡುತ್ತೇನೆ. ಡ್ರೈವರ್ ಏನು ಮಾಡಲಿದ್ದಾನೆ ಅನ್ನುವುದನ್ನು ಚಕ್ರ ಮೊದಲೇ ಹೇಳಿಬಿಡುತ್ತದೆ. ನಿಂತ ಕಾರಿನ ಚಕ್ರ ಅರ್ಧ ಇಂಚು ನಿಮ್ಮ ಕಡೆ ತಿರುಗಿತೋ, ಬ್ರೇಕ್ ಮೇಲೆ ಬೆರಳಿಡಿ. ಆಮೇಲೆ ಗಾಜಿನೊಳಗೆ ಒಮ್ಮೆ ಕಣ್ಣು ಹಾಯಿಸಿ. ಮುಖ ಕೆಳಗಿದ್ದು ಗಲ್ಲದ ಮೇಲೆ ನೀಲಿ ಬೆಳಕು ಬಿದ್ದಿದ್ದರೆ ಅವರು ರಸ್ತೆಯಲ್ಲಿಲ್ಲ, ಫೋನ್‌ನಲ್ಲಿದ್ದಾರೆ.

ಬಸ್ಸಿನ ವಿಷಯ ಬೇರೆ. ಅದರ ಕನ್ನಡಿಯಲ್ಲಿ ಡ್ರೈವರ್ ಮುಖ ನಿಮಗೆ ಕಾಣದಿದ್ದರೆ ಅವರಿಗೂ ನೀವು ಕಾಣುವುದಿಲ್ಲ. ಬಸ್ಸು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ದಾರಿಯಲ್ಲಿ ಹೋಗುವುದಿಲ್ಲ, ಒಳಕ್ಕೆ ಎಳೆದುಕೊಳ್ಳುತ್ತದೆ. ಎಡಗಡೆ ಸಂದಿ ಇದೆಯಲ್ಲ ಅಂತ ತೂರಿಕೊಂಡವರಿಗೆ ಆಮೇಲೆ ಹೋಗಲು ಜಾಗ ಇರುವುದಿಲ್ಲ.

ದೇವರಾಜ ಅರಸು ರಸ್ತೆಯಲ್ಲಿ ಇನ್ನೊಂದು ಕಾಟ, ನಿಂತ ಕಾರಿನ ಬಾಗಿಲು. ಹಿಂದೆ ನೋಡದೆ ದಡಕ್ಕನೆ ತೆಗೆಯುತ್ತಾರೆ. ಗಂಟೆಗೆ 40 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ 11 ಮೀಟರ್. ಬಾಗಿಲು ಕಂಡು ಕೈ ಬ್ರೇಕ್ ಹಿಡಿಯುವುದರೊಳಗೇ ಅಷ್ಟು ದೂರ ಹೋಗಿಬಿಟ್ಟಿರುತ್ತೀರಿ. ನಿಂತ ಕಾರುಗಳಿಂದ ಒಂದು ಬಾಗಿಲಿನಷ್ಟು ಅಂತರ ಬಿಟ್ಟೇ ಓಡಿಸಿ. ಹಿಂದಿನವರು ಹಾರ್ನ್ ಹೊಡೆದರೆ ಹೊಡೆದುಕೊಳ್ಳಲಿ. ಕಾರಿನವರು ಕೇಳುತ್ತಿದ್ದರೆ ಒಂದು ಮಾತು: ಬಲಗಡೆ ಬಾಗಿಲನ್ನು ಎಡಗೈಯಿಂದ ತೆಗೆದು ನೋಡಿ. ಮೈ ತಾನೇ ತಿರುಗುತ್ತದೆ, ಕಣ್ಣು ತಾನೇ ಹಿಂದಕ್ಕೆ ಹೋಗುತ್ತದೆ.

ದಸರಾ ಬಂದರೆ ಹೊರಗಿನ ಗಾಡಿಗಳನ್ನು ಬೈಯುತ್ತೇವೆ. ಪಾಪ, ಅವರು ದಾರಿ ಹುಡುಕುತ್ತಾ ಮೆಲ್ಲಗೆ ಹೋಗುತ್ತಾರೆ. ಕಟ್ ಹೊಡೆಯುವವರು ಹೆಚ್ಚಾಗಿ ನಮ್ಮ ಕೆಎ 09, ಕೆಎ 55ನವರೇ. ಸ್ಕೂಟರ್‌ನವರೂ ಏನು ಕಡಿಮೆ ಇಲ್ಲ. ರಿಂಗ್ ರೋಡಿನಲ್ಲಿ ಯು-ಟರ್ನ್ ದೂರ ಅಂತ ರಾಂಗ್ ಸೈಡಲ್ಲಿ ಬರುವವರು ಯಾರು ಹೇಳಿ?

ಕಟ್ ಹೊಡೆದವರ ಬೆನ್ನು ಹತ್ತಿ, ಮುಂದಿನ ಸಿಗ್ನಲ್‌ನಲ್ಲಿ ಗಾಜು ತಟ್ಟುವ ಆಸೆ ಎಲ್ಲರಿಗೂ ಬರುತ್ತದೆ. ಸುಮ್ನೆ ಬಿಡಿ. ಬೈಯಲು ಹ್ಯಾಂಡಲ್‌ನಿಂದ ಒಂದು ಕೈ ತೆಗೆದವರ ಕಣ್ಣಿಗೆ ಮುಂದಿನ ಗುಂಡಿ ಬೀಳುವುದಿಲ್ಲ. ತೀರಾ ಅಪಾಯ ಮಾಡಿದ್ದರೆ ನಂಬರ್ ನೆನಪಿಟ್ಟುಕೊಂಡು, ಪಕ್ಕಕ್ಕೆ ನಿಲ್ಲಿಸಿ, ಸಮಯ ಮತ್ತು ಜಾಗದ ಸಮೇತ ಬರೆದುಕೊಳ್ಳಿ. ಅದನ್ನು ಸಂಚಾರ ಪೊಲೀಸರಿಗೆ ಕೊಡಿ. ಯಾರಿಗಾದರೂ ಪೆಟ್ಟಾಗಿದ್ದರೆ ನಂಬರ್ ಆಮೇಲೆ, ಮೊದಲು 112ಕ್ಕೆ ಫೋನ್ ಮಾಡಿ.

ನಮಸ್ಕಾರ.